ಕುಂಚ ತೊಳೆದ ನೀರು

ಬೆಳಿಗ್ಗೆ ಬಳಿದ ಬಣ್ಣ ಸಂಜೆಯಾದರೂ ಒಣಗಲಿಲ್ಲ. ನಾನು ಹೊಳೆನರಸೀಪುರಕ್ಕೆ ಡ್ರಾಯಿಂಗ್ ಮಾಸ್ತರನಾಗಿ ಬಂದ ಮೊದಲ ಭಾನುವಾರ ಅದು, ಆಷಾಢದ ಸೋನೆ. ನಮ್ಮ ಗದಗಿನಲ್ಲಿ ಕುಂಚ ಎತ್ತುವಷ್ಟರಲ್ಲಿ ಕಾಗದ ಹಪ್ಪಳದ ಹಾಗೆ ಗರಿಗರಿಯಾಗುತ್ತದೆ. ಆಕಾಶ ಬರೆಯುವವನು ಓಡಬೇಕು. ಇಲ್ಲಿ ಕೂತು ಕಾದೆ. ನಾನು ಬರೆದ ಆಕಾಶ ಮೆಲ್ಲಗೆ ಇಳಿದು ಗುಡ್ಡವನ್ನು ಸೇರಿತು, ಗುಡ್ಡ ಜಾರಿ ಹೊಳೆಗೆ ಬಿತ್ತು. ಒಣಗಲೆಂದು ಕಾಗದವನ್ನು ಸ್ಟೋವಿನ ಮೇಲೆ ಹಿಡಿದೆ, ಒಂದು ಮೂಲೆ ಸುಟ್ಟು ಹೋಯಿತು. ಹತ್ತು ವರ್ಷ ಕಲಿತ ಕಸುಬು ಇಲ್ಲಿಯ ಗಾಳಿಗೆ ಗೊತ್ತೇ ಇಲ್ಲವಲ್ಲ ಎಂದು ಸಿಟ್ಟು ಬಂತು. ಮರುದಿನವೇ ಊರ ಕಡೆಗೆ ವರ್ಗ ಕೇಳಿ ಅರ್ಜಿ ಹಾಕಿದೆ. ರಾಜ್ಯ ಒಂದಾದ ಮರುವರ್ಷ. ಭಾಷೆ ಒಂದೇ, ಹೆದರಬೇಡ ಎಂದು ಊರಿನ ಗೆಳೆಯರು ನೀವೆಲ್ಲ ಹೇಳಿ ಕಳಿಸಿದ್ದಿರಿ.

ಭಾಷೆ ಒಂದೇ, ನಿಜ. ಆದರೆ ನಾನು ‘ಹೌದಲ್ರೀ’ ಎಂದರೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಊಟದ ಪಾಡು ಅದಕ್ಕಿಂತ ಹೆಚ್ಚು. ಖಾನಾವಳಿಯಲ್ಲಿ ಮೊದಲ ದಿನ ರಾಗಿ ಮುದ್ದೆಯನ್ನು ರೊಟ್ಟಿಯಂತೆ ಅಗಿದು ಹಲ್ಲಿಗೆ ಅಂಟಿಸಿಕೊಂಡು ಕೂತಿದ್ದೆ. ಬಡಿಸುವವನು ಬಂದು ನಿಂತು, “ಅಗೀಬೇಡಿ ಸಾ, ಸಾರಲ್ಲಿ ಅದ್ದಿ ನುಂಗ್ಬುಡಿ, ಅಂಗೇ ಓಯ್ತದೆ” ಎಂದ. ಮೂವತ್ತು ವಯಸ್ಸಿಗೆ ಉಣ್ಣುವುದನ್ನು ಹೊಸದಾಗಿ ಕಲಿತವನು ನಾನು.

ಮನೆ ಸಿಕ್ಕಿದ್ದು ಇನ್ನೂ ಕಷ್ಟದಿಂದ. ಒಂಟಿ ಗಂಡಸು, ಬೇರೆ ಸೀಮೆಯವನು, ಜಾತಿ ಬೇರೆ. ಕೊನೆಗೆ ಹೊಳೆದಂಡೆಯ ಸಣ್ಣ ಗುಡಿಯೊಂದರ ಅರ್ಚಕರು ವೆಂಕಟರಮಣಯ್ಯ ತಮ್ಮ ಮನೆಯ ಪಕ್ಕದ ಕೋಣೆ ಕೊಟ್ಟರು. ಕರಾರು ಒಂದೇ: “ನಿಮ್ಮ ಬಣ್ಣ ಗಿಣ್ಣ ಕೋಣೆಯ ಹೊಸಿಲು ದಾಟಕೂಡದು. ನಮ್ಮದು ಮಡಿಯ ಮನೆ.” ಬಾವಿಯಿಂದ ನಾನು ನೀರು ಸೇದುವ ಹಾಗಿರಲಿಲ್ಲ. ಅವರ ಹೆಂಡತಿ ಸೀತಮ್ಮ ಬಾಗಿಲಲ್ಲಿಟ್ಟ ನನ್ನ ಕೊಡಕ್ಕೆ ಮೇಲಿನಿಂದ ಸುರಿಯುತ್ತಿದ್ದರು. ಹಾಗೆ ಸುರಿಯುವಾಗಲೂ ‘ಊಟ ಆಯ್ತಾ’ ಎಂದು ಕೇಳದೆ ಹೋದವರಲ್ಲ.

ಅಂಗಳದಲ್ಲಿ ನನ್ನೊಡನೆ ಮಾತಾಡುತ್ತಿದ್ದವಳು ಕೆಂಪಮ್ಮ. ಪಕ್ಕದ ಹಳೇಕೋಟೆಯವಳು, ಆ ಮನೆಯ ಬಟ್ಟೆ ಒಗೆಯುತ್ತಿದ್ದಳು. ಹೊಳೆಯ ಮೇಲಿನ ಮಂಜನ್ನು ಹಿಡಿಯಬೇಕೆಂದು ನಾನು ಬಂದಾಗಿನಿಂದ ಹೆಣಗುತ್ತಿದ್ದೆ. ಮರ ಬೇಡ, ಮನುಷ್ಯ ಬೇಡ, ನೀರು, ಬಣ್ಣ, ಎರಡು ಗೆರೆ ಕಪ್ಪು ಶಾಯಿ, ಅಷ್ಟೇ. ಅವಳು ಕಿಟಕಿಯಲ್ಲಿ ಇಣುಕಿ ಕೇಳಿದಳು:

“ಏನ್ ಸಾ ಇದು?”

“ಏನೂ ಅಲ್ಲವ್ವಾ.”

“ಏನೂ ಅಲ್ದೇ ಇರಾದ್ನ ಬರ್ಯಾಕೆ ಸಂಬ್ಳ ಕೊಡ್ತಾರಾ?”

ಭಾನುವಾರಗಳಂದು ಬಸ್ಸು ಹತ್ತಿ ದೊಡ್ಡಗದ್ದವಳ್ಳಿಯ ಕೆರೆ, ಅರಕಲಗೂಡಿನ ಗದ್ದೆಬಯಲು ಎಂದು ಅಲೆದೆ. ಚನ್ನರಾಯಪಟ್ಟಣದ ಕಡೆ ಕೆಂಪು ನೆಲ, ಹುರುಳಿ ಹೊಲ ಕಂಡಾಗ ಕೈ ತಾನಾಗಿ ಓಡುತ್ತಿತ್ತು. ಅಲ್ಲಿ ನೆಲ ಒಣಗಿತ್ತು, ನನಗೆ ಮನೆಯ ನೆನಪಾಗುತ್ತಿತ್ತು. ಇಲ್ಲಿಯ ಹೊಳೆ ಹೇಮಾವತಿಯ ಮುಂದೆ ಕೂತರೆ ಮಾತ್ರ ಚಿತ್ರದ ಎಲ್ಲ ಅಂಚೂ ಕತ್ತರಿಸಿಟ್ಟಂತೆ ಗಡುಸು.

ಮಾಘದಲ್ಲಿ ಅರ್ಚಕರ ಮಗಳು ಶಾರದೆಗೆ ಮದುವೆ ಗೊತ್ತಾಯಿತು. ಗಂಡು ಚನ್ನರಾಯಪಟ್ಟಣದ ಸ್ಕೂಲು ಮೇಷ್ಟ್ರು. ಧಾರೆ ಎರೆಯುವಾಗ ತಂದೆ ಉಡಲೆಂದು ಕೈಮಗ್ಗದ ಹೊಸ ಪಂಚೆ ಬಂತು. ಮಡಿ ಮಾಡುವ ಮೊದಲು ಗಂಜಿ ಕಳೆದು ನೀಲಿ ಹಾಕಲು ಅದನ್ನು ಕೆಂಪಮ್ಮನಿಗೆ ಕೊಟ್ಟಿದ್ದರು. ಬಿಳಿ ಬಟ್ಟೆಯನ್ನು ಕೊನೆಗೊಮ್ಮೆ ನೀಲಿಯ ನೀರಿಗೆ ಅದ್ದುವುದು ನಿಮಗೂ ಗೊತ್ತಿದ್ದದ್ದೇ.

ಅಂದು ಬೆಳಿಗ್ಗೆ ಬೆಳಕು ಚೆನ್ನಾಗಿತ್ತೆಂದು ನಾನು ಕರಾರು ಮರೆತು ಕಾಗದ ಹಿಡಿದು ಬಾವಿಕಟ್ಟೆಗೇ ಹೋಗಿ ಕೂತಿದ್ದೆ. ಸ್ಕೂಲಿಗೆ ಹೊತ್ತಾಯಿತೆಂದು ಓಡುವಾಗ ಕುಂಚ ತೊಳೆದ ನೀರಿನ ಡಬ್ಬಿಯನ್ನು ಅಲ್ಲೇ ಮರೆತೆ. ಮೇಲೆ ತಿಳಿ ನೀಲಿ, ತಳದಲ್ಲಿ ಶಾಯಿ.

ಮಧ್ಯಾಹ್ನ ಮರಳಿದಾಗ ಅಂಗಳದಲ್ಲಿ ಕೂಗು. ಕೆಂಪಮ್ಮನ ಕೈಯಲ್ಲಿ ಪಂಚೆ. ಬುಡಕ್ಕೆ ಕಪ್ಪು, ಅದರ ಮೇಲೆ ಹಸಿರು, ಮೇಲೇರಿದಂತೆ ಬೂದು.

“ನೀಲಿ ಅನ್ಕಂಡು ಬಕೀಟಿಗೆ ಉಯ್ಕಂಡು ಅದ್ದ್ಬುಟ್ಟೆ, ಬುದ್ಧೀ,” ಎಂದು ಅಳುತ್ತಿದ್ದಳು.

“ಡಬ್ಬಿ ಎಲ್ಲಿತ್ತು? ಮೇಷ್ಟ್ರ ಕೋಣೆಯಿಂದ ತಂದೆಯಾ?” ಎಂದು ಕೇಳಿದರು ವೆಂಕಟರಮಣಯ್ಯ.

ಕೆಂಪಮ್ಮ ನನ್ನನ್ನೊಮ್ಮೆ ನೋಡಿದಳು. “ಇಲ್ಲೇ ಎಲ್ಲೋ ಇತ್ತು, ನೆಪ್ಪಿಲ್ಲ” ಎಂದಳು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಕೋಣೆ ಉಳಿಯುತ್ತಿತ್ತು, ಅವಳ ಕೆಲಸ ಹೋಗುತ್ತಿತ್ತು. ಒಂದು ಗಳಿಗೆ ಮುಚ್ಚಿಕೊಂಡೇ ಇದ್ದೆ, ಸುಳ್ಳು ಹೇಳಲಾರೆ. ಈ ಊರಲ್ಲಿ ಕೋಣೆಗಾಗಿ ನಾಲ್ಕು ವಾರ ಅಲೆದದ್ದು ಕಣ್ಣಮುಂದೆ ಬಂತು. ಆಮೇಲೆ ಅಂದೆ:

“ಬಾವಿಕಟ್ಟಿ ಮ್ಯಾಲೆ ನಾನ ಇಟ್ಟಿದ್ದೆರೀ. ಆಕಿದು ಏನೂ ತಪ್ಪಿಲ್ಲ.”

ವೆಂಕಟರಮಣಯ್ಯ ನನ್ನ ಕಡೆ ತಿರುಗಿದರು. “ಮದುವೆ ಮುಗಿದ ಮೇಲೆ ಬೇರೆ ಮನೆ ನೋಡ್ಕೊಳ್ಳಿ, ಮೇಷ್ಟ್ರೇ” ಎಂದು ಒಳಗೆ ಹೋದರು.

ಕೆಂಪಮ್ಮನ ಕೆಲಸ ಉಳಿಯಿತು. ಅವಳು ಆ ಪಂಚೆಯನ್ನು ಎರಡು ದಿನ ಸೀಗೆ ನೀರಿನಲ್ಲಿ ನೆನೆಸಿ ತಿಕ್ಕಿದಳು. ಬಣ್ಣವೆಲ್ಲ ಹೋಯಿತು, ಶಾಯಿ ಹೋಗಲಿಲ್ಲ. ಮೂರನೆಯ ಬೆಳಿಗ್ಗೆ ನಾನು ಟ್ರಂಕು ತುಂಬುತ್ತಿದ್ದೆ. ಅವಳು ಕಿಟಕಿಯಲ್ಲಿ ಕೂಗಿದಳು.

“ಬಂದು ನೋಡಿ ಸಾ. ನೀವು ಇಷ್ಟ್ ದಿನ ಕುಂತ್ರೂ ಬರ್ನಿಲ್ಲ. ಇಲ್ಲಿ ತಾನೇ ಬಂದದೆ.”

“ಏನು ಬಂದದ?”

“ಒಳೆ ಕಣ್ಸಾ! ಒತ್ತಾರೆ ಇಬ್ನಿ ಬಿದ್ದಾಗ ಇಂಗೇ ಅಲ್ವಾ ಇರಾದು?”

ಹಗ್ಗದ ಮೇಲೆ ಪಂಚೆ ತೂಗುತ್ತಿತ್ತು. ಬುಡದಲ್ಲಿ ದಂಡೆಯ ಕಪ್ಪು, ಮೇಲೆ ನೀರೋ ಮಂಜೋ ಹೇಳಲಾಗದ ಬೂದು, ಎಲ್ಲಿಯೂ ಒಂದು ಅಂಚಿಲ್ಲ. ಹೊಟ್ಟೆಕಿಚ್ಚಾಯಿತು. ಆಮೇಲೆ ನಾಚಿಕೆಯಾಯಿತು. ಒದ್ದೆ ಬಟ್ಟೆ ತನ್ನ ಪಾಡಿಗೆ ಹೀರಿಕೊಂಡದ್ದನ್ನು ನಾನು ಒಣಗಿಸಿ ಹಿಡಿಯಲು ಹೋಗಿದ್ದೆ.

ಬಾಗಿಲಲ್ಲಿ ಸೀತಮ್ಮ ನಿಂತಿದ್ದರು, ಹಿಂದೆ ಅವರ ಯಜಮಾನರು.

“ತೆರೆಗೆ ಇದೇ ಇರಲಿ” ಎಂದರು ಸೀತಮ್ಮ. ವಧೂವರರ ನಡುವೆ ಹಿಡಿಯುವ ಬಟ್ಟೆಯನ್ನು ನಾವು ಅಂತರಪಾಟ ಅನ್ನುತ್ತೇವೆ; ಇವರಿಗೆ ಅದು ತೆರೆ.

“ಕಲೆ ಬಿದ್ದದ್ದನ್ನೇ?”

“ಎಲ್ಲಿದೆ ಕಲೆ? ನೀವು ದಿನಾ ಮುಳುಗೋ ಹೊಳೆ ಅಲ್ವೇ ಇದು? ಹುಡುಗಿ ಹೋಗ್ತಿರೋ ಊರಲ್ಲಿ ಹೊಳೆ ಇಲ್ಲ. ಕೊನೇ ಸಲ ಕಣ್ತುಂಬ ನೋಡ್ಲಿ.” ಅದೇ ಉಸಿರಿಗೆ ಸೀತಮ್ಮ, “ಸ್ವಸ್ತಿಕ ಮೇಷ್ಟ್ರೇ ಬರೀಲಿ” ಎಂದರು.

“ಮಡಿ…” ಎಂದು ಶುರುಮಾಡಿದರು ಯಜಮಾನರು.

“ಅವರ ಬಣ್ಣ ಇದಕ್ಕೆ ತಾಗಿ ಮೂರು ದಿನ ಆಯ್ತಲ್ಲ. ಇನ್ನು ಯಾತರ ಮಡಿ?”

ಆ ಮನೆಯ ಹೊಸಿಲನ್ನು ನಾನು ಮೊದಲ ಸಲ ದಾಟಿದ್ದು ಮದುವೆಯ ಬೆಳಿಗ್ಗೆ. ನಡುಮನೆಯಲ್ಲಿ ಪಂಚೆ ಹಾಸಿದ್ದರು. ಕಲಸಿದ ಕುಂಕುಮವನ್ನು ಸೀತಮ್ಮ ಬೆಳ್ಳಿಬಟ್ಟಲಲ್ಲಿ ತಂದು, ಈ ಸಲ ಮೇಲಿನಿಂದ ಸುರಿಯದೆ, ನನ್ನ ಕೈಗೇ ಕೊಟ್ಟರು. ನಾಲ್ಕು ಗೆರೆಯ ಸ್ವಸ್ತಿಕಕ್ಕೆ ನಾನು ಯಾವ ಪರೀಕ್ಷೆಗೂ ಪಡದಷ್ಟು ಪಾಡುಪಟ್ಟೆ.

ಮುಹೂರ್ತದಲ್ಲಿ ಇಬ್ಬರು ತೆರೆ ಹಿಡಿದರು. ಶಾರದೆ ತಲೆ ಬಗ್ಗಿಸಿರಲಿಲ್ಲ, ಬಟ್ಟೆಯನ್ನೇ ನೋಡುತ್ತಿದ್ದಳು. ಅವಳೂ ಊರು ಬಿಡುವವಳು ಎಂದು ನನಗೆ ಆಗ ಹೊಳೆಯಿತು. ಗಂಡಿನ ಕಡೆಯವರು ಯಾರೋ “ಇದೇನು ಚಿತ್ರ?” ಎಂದರು.

“ನಮ್ಮ ಹೊಳೆ,” ಎಂದರು ವೆಂಕಟರಮಣಯ್ಯ. “ನಮ್ಮನೆ ಮೇಷ್ಟ್ರು ಬರೆದದ್ದು.”

ತೆರೆ ಸರಿಯಿತು. ಜೀರಿಗೆ ಬೆಲ್ಲ ಬಿತ್ತು, ವಾಲಗ ಎದ್ದಿತು, ನನಗೆ ಏನೂ ಸರಿಯಾಗಿ ಕಾಣಲಿಲ್ಲ. ಮನೆ ಬಿಡುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಟ್ರಂಕಿನ ಬಟ್ಟೆಯನ್ನು ನಾನೇ ಒಂದೊಂದಾಗಿ ಹೊರಗೆ ತೆಗೆದೆ.

ಅದೇ ತಿಂಗಳು ವರ್ಗದ ಆರ್ಡರು ಬಂತು: ಗದಗು. ದೇವರು ವರ ಕೊಟ್ಟರೆ ಹೀಗೆ, ಹೊತ್ತು ನೋಡಿ ಕೊಡುವುದಿಲ್ಲ. ಒಂದು ವರ್ಷ ಇಲ್ಲೇ ಇರುತ್ತೇನೆಂದು ಬರೆದುಕೊಂಡೆ. ‘ಹುಚ್ಚ ಹಿಡದೈತೇನೋ ನಿನಗ?’ ಎಂದು ಗದಗಿನಿಂದ ಅಕ್ಕನ ಕಾಗದ ಬಂತು. ಆ ಒಂದು ವರ್ಷಕ್ಕೆ ಈಗ ಏಳು ತುಂಬಿದೆ.

ಈಗ ಹೊಳೆ ಬರೆಯುವಾಗ ಕಾಗದವನ್ನು ಮೊದಲೇ ನೆನೆಸಿ ಸುಮ್ಮನೆ ಕಾಯುತ್ತೇನೆ. ಬೇಸಿಗೆಗೆ ಊರಿಗೆ ಬಂದಾಗಲೂ ಅದೇ ಚಟ. ಕಳೆದ ಸಲ ನಮ್ಮ ಕಪ್ಪು ನೆಲದ ಜೋಳದ ಹೊಲದ ಚಿತ್ರ ನೋಡಿ ಅಕ್ಕ, “ಎರಿ ಹೊಲದಾಗ ಮಂಜು ಎಲ್ಲಿಂದ ತಂದ್ಯೋ?” ಎಂದಳು. ಇಲ್ಲಿ ಸೀತಮ್ಮ ನನ್ನ ಹೇಮಾವತಿಯನ್ನು ನೋಡಿ, “ಚೆನ್ನಾಗಿದೆ, ಬಿಸಿಲು ಮಾತ್ರ ನಮ್ಮದಲ್ಲ” ಎನ್ನುತ್ತಾರೆ. ಇಬ್ಬರೂ ಸರಿಯಾಗಿಯೇ ಹಿಡಿದಿದ್ದಾರೆ.

ರಜೆ ಮುಗಿಸಿ ಹೊರಡುವಾಗ ಅಕ್ಕ ಸ್ಟೇಷನ್ನಿನಲ್ಲಿ ಕೇಳುತ್ತಾಳೆ, “ಮತ್ತ ಮನಿಗೆ ಯಾವಾಗ ಬರ್ತಿ?” ಇಲ್ಲಿಂದ ಹೊರಡುವಾಗ ಕೆಂಪಮ್ಮ ಬಸ್ಸಿನ ಕಿಟಕಿಗೆ ಕೈ ಇಟ್ಟು ಕೇಳುತ್ತಾಳೆ, “ಮನೆಗ್ ಯಾವಾಗ ಬತ್ತೀರಾ ಸಾ?” ಬೇಗ ಬರುತ್ತೇನೆ ಎಂದು ಇಬ್ಬರಿಗೂ ಹೇಳುತ್ತೇನೆ. ಇಬ್ಬರಿಗೂ ಹೇಳುವುದು ನಿಜ.