ಹುತ್ತದಿಂದೆದ್ದ ಗಂಡಸು

ಉಗೋಯೆ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆಯ ಟೀಚರು. ಹರಿದ ಬಟ್ಟೆ, ತೂತು ಜರಡಿ, ಮುರಿದ ಛತ್ರಿ, ಏನು ಸಿಕ್ಕರೂ ಬೊಂಬೆ ಮಾಡಿ ನಿಲ್ಲಿಸುತ್ತಿದ್ದಳು. ಅವಳು ಅದನ್ನು ಕಲೆ ಎನ್ನುತ್ತಿದ್ದಳು, ನೆರೆಹೊರೆಯವರು ಟೀಚರಮ್ಮನ ಗುಜರಿ ಎನ್ನುತ್ತಿದ್ದರು. ಎನುಗು ಪಟ್ಟಣದಲ್ಲಿ ಒಮ್ಮೆ ಪ್ರದರ್ಶನಕ್ಕಿಟ್ಟಾಗ ಯಾರೋ ಪುಣ್ಯಾತ್ಮರು ಬೊಂಬೆಯ ಕೈಗೆ ತಮ್ಮ ಕೋಟು ನೇತುಹಾಕಿ ಊಟಕ್ಕೆ ಹೋಗಿದ್ದರು.

ಗಂಡ ಒಕ್ವುದಿಲಿ ಟೈರು ವ್ಯಾಪಾರಿ. ಪ್ರತಿವರ್ಷ ಹಬ್ಬದ ದಿನವೇ ಅವನಿಗೆ ಚಿಕ್ಕಪ್ಪನ ಊರಲ್ಲಿ ಕೆಲಸ ಬೀಳುತ್ತಿತ್ತು. ಅವನು ಆ ಕಡೆ ಹೋದನೆಂದರೆ ಈ ಕಡೆ ಊರ ಬಯಲಿನ ಹುತ್ತದಿಂದ ಕನ್ಯಾಭೂತ ಕುಣಿಯಲು ಎದ್ದು ಬರುತ್ತಿತ್ತು. ಬಿಳಿ ಮುಖ, ಚೂಪು ಮೊಲೆ, ತೆಳು ಸೊಂಟ, ತೆಳು ದನಿ. ಹೆಣ್ಣು ಹೇಗಿರಬೇಕೆಂದು ಗಂಡಸರು ಅಂದುಕೊಂಡಿದ್ದಾರೋ ಹಾಗೆ. ಸಂಜೆ ಒಕ್ವುದಿಲಿ ಕಾಲು ಬಾತುಕೊಂಡು ಬಂದರೆ ಉಗೋಯೆ ಬಿಸಿನೀರಿಗೆ ಉಪ್ಪು ಹಾಕಿ ಇಟ್ಟಿರುತ್ತಿದ್ದಳು. ಚಿಕ್ಕಪ್ಪ ಹೇಗಿದ್ದಾರೆ ಎಂದು ಕೇಳುತ್ತಿದ್ದಳು. ಚಿಕ್ಕಪ್ಪ ತೀರಿಕೊಂಡ ಮೇಲೂ ಕೇಳಿದಳು, ಅವನೂ ಆರಾಮಿದ್ದಾರೆ ಎಂದ. ವೇಷದೊಳಗೆ ಮನುಷ್ಯನಿದ್ದಾನೆಂದು ಬಾಯಿಬಿಟ್ಟವರು ಮೇಕೆ ದಂಡ ಕೊಡಬೇಕು. ಹೆಂಗಸರಂತೂ ಏನೂ ಗೊತ್ತಿಲ್ಲದವರ ಹಾಗೆ ಹೆದರಿ ಓಡಬೇಕು.

ಈ ವರ್ಷ ಉಗೋಯೆಯ ತಲೆಗೆ ಹುಳ ಹೊಕ್ಕಿತು. ಗಂಡಸರು ಹೆಣ್ಣನ್ನು ಮಾಡಬಹುದಾದರೆ ಹೆಂಗಸೊಬ್ಬಳು ಗಂಡಸನ್ನು ಯಾಕೆ ಮಾಡಬಾರದು? ಮಳೆಗಾಲವಿಡೀ ಬಾಗಿಲು ಹಾಕಿಕೊಂಡು ಗಂಡಸಿನ ವೇಷ ಹೊಲಿದಳು. ಹತ್ತಿ ತುಂಬಿದ ಹೊಟ್ಟೆ, ಹಲ್ಲಲ್ಲಿ ಕಡ್ಡಿ, ಹಿಂಭಾಗಕ್ಕೆ ಸೇರಿಸಿಯೇ ಹೊಲಿದ ಕುರ್ಚಿ. ಮೇಲೊಂದು ಬನಿಯನ್ನು, ಹೊಕ್ಕುಳ ಹತ್ತಿರ ತೂತಿದ್ದದ್ದು. ಒಕ್ವುದಿಲಿ ಎಷ್ಟೋ ದಿನದಿಂದ ಹುಡುಕುತ್ತಿದ್ದದ್ದು. ಸಿಕ್ಕಿಬಿದ್ದರೆ ಹಿರಿಯರು ಇದನ್ನು ಸುಡುತ್ತಾರೆಂದು ಅವಳಿಗೆ ಗೊತ್ತಿತ್ತು. ಮೇಕೆ ಹೋದರೆ ಹೋಗಲಿ. ಆದರೆ ಇಷ್ಟು ಚೆನ್ನಾದದ್ದನ್ನು ಅವಳು ಜೀವಮಾನದಲ್ಲಿ ಮಾಡಿರಲಿಲ್ಲ.

ಹಬ್ಬದ ದಿನ ಕನ್ಯಾಭೂತ ಸೊಂಟ ಬಳುಕಿಸಿ ಕುಣಿಯುತ್ತಿರುವಾಗ ಹುತ್ತದ ಹಿಂದಿನಿಂದ ಮೊದಲು ಹೊಟ್ಟೆ ಬಂತು, ಆಮೇಲೆ ಗಂಡಸು ಬಂದ. ನಡುಬಯಲಲ್ಲಿ ಕೂತ. ದನಿ ಬದಲಿಸುವ ಕೊಳವೆಯಲ್ಲಿ "ನೀರು" ಎಂದ. ಸ್ವಲ್ಪ ಹೊತ್ತು ಬಿಟ್ಟು, ಸಾರಿಗೆ ಉಪ್ಪು ಕಮ್ಮಿ ಎಂದ. ಓಡಲಿಕ್ಕೆಂದು ಎದ್ದ ಹೆಂಗಸರು ನಕ್ಕು ನಕ್ಕು ಅಲ್ಲೇ ಕುಸಿದರು.

ಊರ ಹಿರಿಯ ಅನೆಜಿಯ ಮುಖ ಹುಳ್ಳಗಾಯಿತು. ನಡಿಗೆ ನೋಡಿಯೇ ಅವನಿಗೆ ಇದು ಹೆಣ್ಣೆಂದು ಅನುಮಾನ ಬಂದಿತ್ತು. ಆದರೆ ಹಾಗೆಂದರೆ ವೇಷದೊಳಗೆ ಮನುಷ್ಯರಿರುತ್ತಾರೆಂದು ಹೆಂಗಸರ ಮುಂದೆ ತಾನೇ ಒಪ್ಪಿದ ಹಾಗಾಗುತ್ತದೆ, ಮೇಕೆಯನ್ನೂ ತಾನೇ ಕೊಡಬೇಕಾಗುತ್ತದೆ. ತಲೆ ಕೆರೆದುಕೊಂಡು ಕನ್ಯಾಭೂತದ ಕಡೆ ತಿರುಗಿದ.

"ತಾಯೀ, ನೀನೂ ಅದೇ ಹುತ್ತದಿಂದ ಬಂದೋಳು. ಇವನು ನಿಮ್ಮವನೇನಮ್ಮಾ? ಅಲ್ಲ ಅನ್ನು, ಈಗ್ಲೇ ಬೆಂಕಿಗೆ ಹಾಕ್ತೀವಿ."

ಡೋಲು ನಿಂತಿತು. ಕನ್ಯಾಭೂತ ಗಂಡಸಿನ ಸುತ್ತ ಒಂದು ಸುತ್ತು ಬಂತು. ಹಲ್ಲುಕಡ್ಡಿ ನೋಡಿತು, ಕುರ್ಚಿ ನೋಡಿತು, ಬನಿಯನ್ನಿನ ತೂತಿನ ಮುಂದೆ ನಿಂತೇಬಿಟ್ಟಿತು. ಒಳಗಿದ್ದ ಉಗೋಯೆ ತೂತಿಗೆ ಕೈ ಅಡ್ಡ ಹಿಡಿದಳು. ಆ ತೂತಿನ ಗುರುತು ಒಕ್ವುದಿಲಿಗಿಂತ ಚೆನ್ನಾಗಿ ಯಾರಿಗೂ ಇರಲಿಲ್ಲ.

"ಹೌದು," ಎಂದಿತು ಕನ್ಯಾಭೂತ ತೆಳು ದನಿಯಲ್ಲಿ, ನಿಟ್ಟುಸಿರಿಟ್ಟು. "ನಮ್ಮ ಯಜಮಾನ್ರು."

ಬಯಲಿಗೆ ಬಯಲೇ ಬಿದ್ದು ಬಿದ್ದು ನಕ್ಕಿತು. ಬೇರೆ ದಾರಿ ಕಾಣದೆ ಅನೆಜಿ, ಬಂದವರಿಗೆ ಮರ್ಯಾದೆಗೆ ಕೊಡುವ ಕೋಲಾ ಬೀಜ ಮುರಿದು, ಅಳಿಯನಿಗೆ ಕೊಡುವಂತೆ ಆ ಗಂಡಸಿಗೆ ಕೊಟ್ಟ.

ಸಂಜೆ ಉಗೋಯೆ ಹಿತ್ತಲಿನಿಂದ ಒಳಗೆ ಬಂದಾಗ ಒಕ್ವುದಿಲಿ ಒಲೆಯ ಮುಂದೆ ಕೂತಿದ್ದ.

"ಎಲ್ಲಿಗೆ ಹೋಗಿದ್ದೆ?"

"ಚಿಕ್ಕಪ್ಪನ ಊರಿಗೆ."

ಅವನು ವೇಷದ ಭಾರ ಹೊತ್ತು ಬಾತಿದ್ದ ಅವಳ ಕಾಲು ನೋಡಿದ. "ಹೇಗಿದ್ದಾರೆ?"

"ಆರಾಮಿದ್ದಾರೆ ಕಣ್ರೀ. ಕುರ್ಚಿ ಬಿಟ್ಟು ಮಾತ್ರ ಏಳಲ್ಲ."

ಒಕ್ವುದಿಲಿ ಎದ್ದ. ಮದುವೆಯಾದ ಮೇಲೆ ಮೊದಲ ಸಲ ಉಪ್ಪಿನ ಡಬ್ಬ ಹುಡುಕಿದ. ಸಿಗಲಿಲ್ಲ, ಅವಳೇ ತೋರಿಸಬೇಕಾಯಿತು. ಬಿಸಿನೀರಿಗೆ ಉಪ್ಪು ಹಾಕಿ, ಬೋಗುಣಿಯನ್ನು ತಂದು ಅವಳ ಕಾಲ ಬುಡದಲ್ಲಿಟ್ಟ.