ತಸ್ಲೀಮ್ ಸಿಸ್ಟರ್ ಕೂತು ನೋಡಿದ ಬೆಳಗು

ನಮ್ಮ ಮನೆಗೆ ಬಂದವರೆಲ್ಲ ಮೊದಲು ಪಡಸಾಲೆಯಲ್ಲಿ ಕೂರುತ್ತಿದ್ದರು. ತಸ್ಲೀಮ್ ಸಿಸ್ಟರ್ ಮಾತ್ರ ಚಪ್ಪಲಿ ಬಿಟ್ಟವರೇ ನೆಟ್ಟಗೆ ಅಡುಗೆಮನೆಗೆ ಬರುತ್ತಿದ್ದರು. ಮಾತ್ರೆ ಡಬ್ಬಿ ಆಮೇಲೆ ನೋಡೋಣ, ಮೊದಲು ಒಲೆಯ ಮೇಲೆ ಏನಿದೆ ತೋರಿಸಿ ಅನ್ನುವುದು ಅವರ ಪದ್ಧತಿ. ಬಿಪಿ, ಸಕ್ಕರೆ ಕಾಯಿಲೆಯ ವಯಸ್ಸಾದವರನ್ನು ಮನೆಗೇ ಹೋಗಿ ನೋಡಲು ಸರ್ಕಾರದವರು ಅವರನ್ನು ದಾವಣಗೆರೆಯ ನಮ್ಮ ಮಂಡಿಪೇಟೆಯ ಓಣಿಗಳಿಗೆ ಹಾಕಿದ್ದರು. ಹರಿಹರದವರು, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಐವತ್ತೈದು ದಾಟಿದ ಗಿಡ್ಡನೆಯ ಹೆಂಗಸು. ಹೆಗಲಿಗೆ ಮಕ್ಕಳ ಸ್ಕೂಲ್ ಬ್ಯಾಗು, ಅದರಲ್ಲಿ ಬಿಪಿ ನೋಡುವ ಯಂತ್ರ, ಸಕ್ಕರೆ ನೋಡುವ ಯಂತ್ರ, ಒಂದು ಪೊಟ್ಟಣ ಖಾರ ಮಂಡಕ್ಕಿ. ಮಂಡಕ್ಕಿ ರೋಗಿಗಳಿಗಲ್ಲ, ಅವರಿಗೇ.

ನಮ್ಮ ಮನೆಯ ರೋಗಿ ಎಂದರೆ ನನ್ನ ಮಾವ ರುದ್ರಮುನಿಯಪ್ಪ. ನಲವತ್ತು ವರ್ಷ ಮೆಕ್ಕೆಜೋಳದ ದಲ್ಲಾಳಿ ಅಂಗಡಿ ನಡೆಸಿದವರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು. ಅವರಿಗೆ ರೋಗವೂ ಇತ್ತು, ಜಗಳವೂ ಇತ್ತು. ಎಪ್ಪತ್ತಾರನೇ ವಯಸ್ಸಿನಲ್ಲಿ ಮಾತ್ರೆಗೆ ಬಗ್ಗದ ಸಕ್ಕರೆಗೆ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟರು. ಕಣ್ಣು ಮಂಜಾದ ಮಾವನಿಗೆ ಸೂಜಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ನನ್ನ ಗಂಡ ಕೊಟ್ಟೂರೇಶ್ ಊರಂಚಿನ ಕರೂರಿನ ಫ್ಯಾಕ್ಟರಿಗೆ ಆರು ಗಂಟೆಯ ಶಿಫ್ಟಿಗೇ ಹೋಗುವವರು. ಅತ್ತೆ ಕಸ್ತೂರಮ್ಮನಿಗೆ ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ಉಳಿದವಳು ನಾನು, ವಾಣಿಶ್ರೀ.

ನಾನು ಆಗ ಉಕ್ಕಡಗಾತ್ರಿ ರಸ್ತೆಯ ಒಂದು ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಎಂಟು ಗಂಟೆಗೆ ದಾವಣಗೆರೆ ಬಿಟ್ಟರೆ ಮಾತ್ರ ಹರಿಹರದಲ್ಲಿ ಒಂಬತ್ತರ ಬಸ್ಸು ಸಿಗುತ್ತಿತ್ತು. ಅದು ತಪ್ಪಿದರೆ ಮುಂದಿನದು ಹನ್ನೊಂದಕ್ಕೆ. ಅತಿಥಿ ಎಂದರೆ ಗೊತ್ತಲ್ಲ, ನಾಲ್ಕು ದಿನ ತಡವಾದರೆ ಬಾಗಿಲು ತೋರಿಸುತ್ತಾರೆ. ಹೀಗಾಗಿ ಏಳೂವರೆ ಹೊಡೆದರೆ ಮಾವನ ಹೊಟ್ಟೆಗೆ ಸೂಜಿ. ಎರಡು ವರ್ಷದಲ್ಲಿ ಒಂದು ದಿನ ತಪ್ಪಿಸಿರಲಿಲ್ಲ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಸೂಜಿ ಆದ ಮೇಲೆ ಮಾವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂರುತ್ತಿದ್ದರು. ಪೂಜೆ ಆಗದೆ ಬಾಯಿಗೆ ನೀರೂ ಇಲ್ಲ. ಒಂಬತ್ತರ ತನಕ ಎಡಗೈಯಲ್ಲಿ ಲಿಂಗ ಹಿಡಿದು ಕೂತರೆ ಕರೆದರೂ ಓಗೊಡುತ್ತಿರಲಿಲ್ಲವಂತೆ. ಮೈ ಬೆವರುತ್ತಿತ್ತು, ತುಟಿ ಅದುರುತ್ತಿತ್ತು. ಅತ್ತೆ ಕೈಮುಗಿದು ಕಲ್ಲುಸಕ್ಕರೆಯ ಪ್ರಸಾದ ಬಾಯಿಗಿಟ್ಟ ಮೇಲೆ ನಿಧಾನಕ್ಕೆ ಕಣ್ಣು ಬಿಡುತ್ತಿದ್ದರು. ಲಿಂಗದಲ್ಲಿ ಮನಸ್ಸು ನಿಂತುಬಿಟ್ಟಿದೆ ಎಂದು ಅತ್ತೆ ಓಣಿಯವರಿಗೆಲ್ಲ ಹೇಳಿಕೊಂಡರು. ಎದುರು ಮನೆಯ ಕಮಲಕ್ಕ ಒಂದಿನ ಬಂದು ಮಾವನ ಕಾಲಿಗೂ ಬಿದ್ದಳು. ನಾನು ಬಸ್ಸಿನಲ್ಲಿರುತ್ತಿದ್ದೆ, ಭಾನುವಾರವಾದರೆ ಹಿತ್ತಿಲಲ್ಲಿ ವಾರದ ಬಟ್ಟೆ ಒಗೆಯುತ್ತಿದ್ದೆ. ಸಂಜೆ ಕೇಳಿ, ಮುದುಕರ ಸಂಭ್ರಮ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಆ ಚಳಿಗಾಲದಲ್ಲಿ ಮಾವ ಪೂಜೆಮನೆಯಲ್ಲಿ ಎರಡು ಸಲ ಬಿದ್ದರು. ವಯಸ್ಸಾಯಿತು ಎಂದರು ಡಾಕ್ಟರು. ಬೇಗ ತಿಂಡಿ ತಿನ್ನಿಸಿ ಎಂದೂ ಹೇಳಿದರು. ಮಾವ ತಿನ್ನುತ್ತೇನೆ ಎಂದು ತಲೆಯಾಡಿಸಿ ಬಂದರು. ಅವರಿಗೆ ಪೂಜೆ ಮುಗಿದ ತಕ್ಷಣ ತಿಂದರೆ ಅದೇ ಬೇಗ.

ತಸ್ಲೀಮ್ ಸಿಸ್ಟರ್ ಮಾತ್ರ ವಯಸ್ಸಿನ ಮಾತು ಒಪ್ಪಲಿಲ್ಲ. ಒಂದು ಭಾನುವಾರ, ಅವರಿಗೆ ರಜೆಯ ದಿನ, ಏಳು ಗಂಟೆಗೇ ಬಂದು ನಡುಮನೆಯಲ್ಲಿ ಕೂತರು. ನಾವೇನೂ ಮಾಡಬೇಕಿಲ್ಲ, ದಿನಾ ಹೇಗೋ ಹಾಗೇ ಇರಿ, ನಾನು ನೋಡುತ್ತೇನೆ ಅಂದರು. ನಾನು ಏಳೂವರೆಗೆ ಸೂಜಿ ಹಾಕಿದೆ. ಮಾವ ಸ್ನಾನಕ್ಕೆ ಹೋದರು, ಪೂಜೆಗೆ ಕೂತರು. ಸಿಸ್ಟರ್ ಮಂಡಕ್ಕಿಯನ್ನೂ ತೆರೆಯದೆ ಗಡಿಯಾರ ನೋಡುತ್ತಿದ್ದರು. ಎಂಟೂಮುಕ್ಕಾಲಿಗೆ ಎದ್ದು ಪೂಜೆಮನೆಯ ಹೊಸ್ತಿಲಲ್ಲಿ ನಿಂತು, ಒಳಗೆ ಬರಲೇ ಎಂದು ಅತ್ತೆಯನ್ನು ಕೇಳಿದರು. ಅತ್ತೆ ಒಂದು ಗಳಿಗೆ ಅನುಮಾನಿಸಿ ಹ್ಞೂಂ ಎಂದರು. ಸಿಸ್ಟರ್ ಲಿಂಗ ಹಿಡಿದ ಎಡಗೈ ಮುಟ್ಟಲಿಲ್ಲ. ಬಲಗೈಯ ಬೆರಳು ಚುಚ್ಚಿ ರಕ್ತ ನೋಡಿದರು. ಸಕ್ಕರೆ ನಲವತ್ತೆಂಟಕ್ಕೆ ಇಳಿದಿತ್ತು.

ಕಲ್ಲುಸಕ್ಕರೆ ಕರಗಿಸಿದ ನೀರು ಕುಡಿಸಿ, ಮಾವ ಮಾತಾಡುವ ತನಕ ಅವರು ಪಕ್ಕ ಬಿಟ್ಟು ಏಳಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು ನನಗೆ ತಗ್ಗಿದ ದನಿಯಲ್ಲಿ ವಿವರಿಸಿದರು. ಸೂಜಿ ಹಾಕಿದ ಅರ್ಧ ಗಂಟೆಯೊಳಗೆ ಊಟ ಹೊಟ್ಟೆಗೆ ಬೀಳಬೇಕು. ಇವರದು ಒಂದೂವರೆ ಗಂಟೆ ಖಾಲಿ ಹೊಟ್ಟೆ. ಧ್ಯಾನವಲ್ಲ ಅದು, ಪ್ರಜ್ಞೆ ತಪ್ಪುವುದು. ಇನ್ನೊಂದು ಸಲ ಹೀಗಾದರೆ ಎಬ್ಬಿಸಲು ಯಾರಿಂದಲೂ ಆಗದಿರಬಹುದು.

ಎರಡು ವರ್ಷ ತಪ್ಪದೆ ಹೊತ್ತಿಗೆ ಸರಿಯಾಗಿ ಚುಚ್ಚಿದವಳು ನಾನೇ. ಸಿಸ್ಟರ್ ಕೈ ಹಿಡಿದುಕೊಂಡು, ಇದು ನನ್ನ ಸೂಜಿಯಿಂದ ಆದದ್ದು ಎಂದು ಮಾವನಿಗೆ ಮಾತ್ರ ಹೇಳಬೇಡಿ ಎಂದು ಬೇಡಿಕೊಂಡೆ.

“ಹೇಳಲ್ಲ ಬಿಡ್ರಿ,” ಎಂದರು.

ಪೂಜೆ ಬಿಡಿ ಎಂದು ಅವರು ಮಾವನಿಗೆ ಹೇಳಲಿಲ್ಲ. ಡಾಕ್ಟರಿಗೆ ಫೋನು ಮಾಡಿ ಒಪ್ಪಿಗೆ ಪಡೆದು ಸೂಜಿಯ ಹೊತ್ತನ್ನೇ ಬದಲಿಸಿದರು. ಪೂಜೆ ಮುಗಿದು, ತಟ್ಟೆಯಲ್ಲಿ ರೊಟ್ಟಿ ಬಿದ್ದ ಮೇಲೆ ಸೂಜಿ. ಆ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲವಲ್ಲ, ಅದಕ್ಕೆ ಅತ್ತೆಯನ್ನೇ ಹಿಡಿದು ಕೂರಿಸಿದರು. ಒಂದು ವಾರ ಬೆಳಿಗ್ಗೆ ಮುದ್ದಾಂ ಬಂದು ಬದನೆಕಾಯಿಗೆ ಚುಚ್ಚಿಸಿ ಕಲಿಸಿದರು. ಅಕ್ಷರ ಬಾರದ ಅತ್ತೆ ಪೆನ್ನಿನಂಥ ಆ ಸೂಜಿಯನ್ನು ತಿರುಗಿಸುತ್ತ ಟಿಕ್ ಟಿಕ್ ಸದ್ದು ಎಣಿಸಿ ಹನ್ನೆರಡಕ್ಕೆ ನಿಲ್ಲಿಸುವುದನ್ನು ಕಲಿತರು. ಮೊದಲ ದಿನ ಚುಚ್ಚಿದ ಅತ್ತೆಯ ಕಣ್ಣಲ್ಲಿ ನೀರು. ಐವತ್ತು ವರ್ಷದ ಸೇಡು ತೀರಿಸಿಕೊಳ್ತಾ ಇದ್ದಾಳೆ ಎಂದು ಮಾವ ನಕ್ಕರು.

ಆಮೇಲಿನ ಐದು ವರ್ಷ ನಮ್ಮ ಮನೆಯ ಒಳ್ಳೆಯ ದಿನಗಳು. ಮಾವ ಮತ್ತೆ ಬೀಳಲಿಲ್ಲ. ಕಣ್ಣು ತೆರೆದೇ ಪೂಜೆ ಮುಗಿಸುತ್ತಿದ್ದರು, ಕಮಲಕ್ಕನಿಗೆ ಮಾತ್ರ ಸ್ವಲ್ಪ ನಿರಾಸೆ. ಸಿಸ್ಟರ್ ಬಂದರೆ ಅಡುಗೆಮನೆಯಲ್ಲಿ ಹರಟೆ, ನಗು. ಈಗಲೂ ಯಾರಾದರೂ ಮಂಡಕ್ಕಿ ಪೊಟ್ಟಣ ಬಿಚ್ಚಿದರೆ ನನಗೆ ಆ ಬೆಳಗುಗಳೇ ಬೇಕೆನಿಸುತ್ತದೆ. ಸಿಸ್ಟರ್ ನಿವೃತ್ತರಾಗಿ ಹರಿಹರದ ಮನೆ ಸೇರಿದರು. ಹೋದ ವರ್ಷ ಎಂಬತ್ತಮೂರರಲ್ಲಿ ಮಾವ ನಿದ್ದೆಯಲ್ಲೇ ಹೋದರು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಶಾಲೆಗೆ ಹೋಗುವಾಗ ಹರಿಹರದಲ್ಲಿ ಇಳಿದು, ಬಸ್ ನಿಲ್ದಾಣದ ಹಿಂದಿನ ಅವರ ಮನೆಗೆ ಹೋದೆ. ಚಹಾ ಕೊಟ್ಟರು. ಮಾವನ ಮಾತು ಬಂತು. ಅವರಿಗೆ ಕೊನೆತನಕ ನನ್ನ ತಪ್ಪು ತಿಳಿಯದಂತೆ ಕಾಪಾಡಿದಿರಿ, ನಿಮ್ಮ ಋಣ ದೊಡ್ಡದು ಎಂದೆ. ಸಿಸ್ಟರ್ ಚಹಾದ ಲೋಟ ಕೆಳಗಿಟ್ಟರು.

“ಅವರಿಗೆ ಮೊದಲಿಂದ್ಲೂ ಗೊತ್ತಿತ್ತು ವಾಣಿ,” ಎಂದರು. “ಆ ಭಾನುವಾರ ನಿಮ್ಮತ್ತೆ ನೀರಿಗೆ ಹೋದಾಗ ನನಗೆ ಹೇಳಿದ್ರು. ಸೂಜಿ ಆದ ಮ್ಯಾಲೇ ನಡುಕ ಬರ್ತೈತೆ, ನನಗೆ ಗೊತ್ತೈತೆ ಸಿಸ್ಟರ್. ಬಾಯಿ ಬಿಟ್ರೆ ಆ ಹುಡುಗಿ ಪೂಜೆ ಮುಗಿಯೋ ತನಕ ಕಾದು ನನಗೋಸ್ಕರ ಬಸ್ಸು ಬಿಡ್ತಾಳೆ, ಕೆಲಸ ಹೋಗ್ತೈತೆ. ನನಗೆ ಗೊತ್ತಿತ್ತು ಅಂತ ಅವಳಿಗೆ ಹೇಳಬ್ಯಾಡ್ರಿ ಅಂದ್ರು.”

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

“ನೀವೂ ಹೇಳಬ್ಯಾಡ ಅಂದ್ರಿ, ಅವರೂ ಹೇಳಬ್ಯಾಡ ಅಂದ್ರು. ಇಬ್ರಿಗೂ ಮಾತು ಕೊಟ್ಟಿದ್ನಲ್ಲ.”

ಹಟಮಾರಿ ಮುದುಕ ಎಂದು ಅವರನ್ನು ಮನಸ್ಸಿನಲ್ಲಿ ಎಷ್ಟು ಸಲ ಬೈದಿದ್ದೆನೋ. ಸಿಸ್ಟರ್ ಹೆಗಲಿಗೆ ತಲೆಯಿಟ್ಟು ಮಗುವಿನಂತೆ ಅತ್ತುಬಿಟ್ಟೆ. ಅಳು ನಿಲ್ಲುವ ಹೊತ್ತಿಗೆ ಒಂಬತ್ತರ ಬಸ್ಸು ಹೋಗಿತ್ತು. ಶಾಲೆ ಮುಟ್ಟಿದಾಗ ಹನ್ನೊಂದೂಮುಕ್ಕಾಲು. ಯಾಕೆ ತಡ ಎಂದು ಹೆಡ್‌ಮೇಷ್ಟ್ರು ಕೇಳಿದರು. ಬಸ್ಸು ಬಿಟ್ಟೆ ಸಾರ್ ಎಂದಷ್ಟೇ ಹೇಳಿ ತರಗತಿಗೆ ಹೋದೆ.