ಕರ್ನಲ್‌ಗೂ ಒಬ್ಬ ಅಜ್ಜಿ ಬೇಕು

ಪರದೆ ಕಪ್ಪಗಿತ್ತು. ಶಿಡ್ಲಘಟ್ಟದಲ್ಲಿ ನನ್ನ ತಮ್ಮ ನಾಗರಾಜ ರೇಷ್ಮೆಗೂಡು ಒಣಗಿಸುವ ಯಂತ್ರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಹಿಂದೆ ಗೂಡಿನ ರಾಶಿ. ಇವತ್ತೇ ಬಿಸಿ ತಾಗದಿದ್ದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯುವುದುಂಟೇ?

ಯಂತ್ರದ ಕಂಪ್ಯೂಟರ್ ಬೋರ್ಡು ಕುಡುಮಲಕುಂಟೆಯ ಫ್ಯಾಕ್ಟರಿಯದ್ದು. ಅದರ ಕರ್ನಲ್ (ಉಳಿದೆಲ್ಲ ಪ್ರೋಗ್ರಾಮುಗಳಿಗೂ ಯಜಮಾನ) ನೋಡಿಕೊಳ್ಳುವವಳು ನನ್ನ ತಂಗಿಯ ಮಗಳು ಭವ್ಯ. ಹಿಂದಿನ ದಿನ ಅವಳೇ ಹೊಸ ಸಾಫ್ಟ್‌ವೇರ್ ಹಾಕಿದ್ದಳು. ಬೆಳಗ್ಗೆ ಆನ್ ಮಾಡಿದರೆ ಯಂತ್ರ ಏಳಲೇ ಇಲ್ಲ.

ಓಡಿ ಬಂದ ಭವ್ಯ ಲ್ಯಾಪ್‌ಟಾಪ್ ಜೋಡಿಸಿ ಗೂಡಿನ ಪಕ್ಕದಲ್ಲೇ ಕೂತಳು. ತಿಂಡಿ ಕೊಟ್ಟರೆ "ಆಮೇಲೆ ದೊಡ್ಡಮ್ಮ" ಅಂದಳು. ಮಧ್ಯಾಹ್ನ ದಾಟಿದ ಮೇಲೆ ತಲೆಯೆತ್ತಿ, "ತಪ್ಪು ನಂದೇ ಮಾವ" ಅಂದಳು. (ಹೀಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ?)

"ಏನಾಗಿತ್ತಮ್ಮ?" ಅಂದೆ.

"ಚಿಂತಾಮಣಿ ಛತ್ರದ ಮದ್ವೇಲಿ ಅಜ್ಜಿ ಏನ್ಮಾಡಿದ್ರು, ನೆನಪು ಮಾಡ್ಕೊಳ್ಳಿ."

ಅಜ್ಜಿ ಅಂದರೆ ನನ್ನಮ್ಮ. ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಛತ್ರಕ್ಕೆ ಮೊದಲು ಹೋಗುವವಳು ಅವಳೇ. ಕೋಣೆ, ಸಾಮಾನು ಹಂಚುವ ಉಗ್ರಾಣದವರು ಇನ್ನೂ ಬಂದಿರುವುದಿಲ್ಲ. ನಮಗೇ ಬೇಕಾದ ಕೋಣೆಗಳ ಹೊಸ್ತಿಲಲ್ಲಿ ಗುರುತಿಗೆ ಒಂದೊಂದು ಚೊಂಬು ಇಡುತ್ತಾಳೆ. ಚೊಂಬಿಲ್ಲದ ಕೋಣೆಯನ್ನು ಕೇಳಿದವರಿಗೆ ಕೊಡುತ್ತಾಳೆ. ಉಗ್ರಾಣದವರು ಬಂದರೆ ಬೀಗದಕೈ ಒಪ್ಪಿಸಿ ಮೂಲೆ ಸೇರುತ್ತಾಳೆ. ಆ ಸಲ ಹೂವಿನ ಕೋಣೆಗೆ ಚೊಂಬಿಡಲು ಮರೆತಳು. ಬೀಗರು ಕತ್ತಲಲ್ಲಿ ಹೂವಿನ ಮೇಲೇ ಹಾಸಿಗೆ ಹಾಸಿದರು!

"ಇಲ್ಲೂ ಅದೇ ಆಗಿದ್ದು" ಅಂದಳು ಭವ್ಯ. "ಆನ್ ಆದ ತಕ್ಷಣ ಮೆಮೊರಿ ಹಂಚೋ ದೊಡ್ಡ ವ್ಯವಸ್ಥೆ ಇನ್ನೂ ಎದ್ದಿರಲ್ಲ. ಅಲ್ಲೀವರೆಗೂ ಅಜ್ಜಿ ಥರ ಒಂದು ಚಿಕ್ಕ ವ್ಯವಸ್ಥೆ ಹಂಚುತ್ತೆ. ಯಂತ್ರ ಏಳೋಕೆ ಬೇಕಾದ ಫೈಲುಗಳಿದ್ದ ಜಾಗಕ್ಕೆ ಚೊಂಬಿಡೋದು ಮರ್ತಿದ್ದೆ. ಖಾಲಿ ಅಂತ ಅದು ಬೇರೆ ಕೆಲಸಕ್ಕೆ ಕೊಟ್ಬಿಡ್ತು, ಫೈಲುಗಳು ಅಳಿಸಿಹೋದ್ವು."

ನಾಲ್ಕು ಸಾಲು ತಿದ್ದಿದಳು. ಪರದೆ ಬೆಳಗಿತು, ಬಿಸಿಗಾಳಿ ಬೀಸಿತು. ನನಗೆ ಆ ಚಿಕ್ಕ ವ್ಯವಸ್ಥೆಯ ಮೇಲೆ ಪ್ರೀತಿ ಬಂತು. ಯಾರೂ ಏಳುವ ಮುಂಚೆ ಎದ್ದು, ಎಲ್ಲರಿಗೂ ಜಾಗ ಮಾಡಿ, ದೊಡ್ಡವರು ಬಂದೊಡನೆ ಸದ್ದಿಲ್ಲದೆ ಸರಿದುಹೋಗುವುದು ಸಣ್ಣ ಕೆಲಸವೇ?

"ಮಿಷನ್ ಚೆನ್ನಾಗೈತೆ ಕಣಕ್ಕ" ಅಂದ ನಾಗರಾಜ, ಅದರ ಬೆನ್ನು ತಟ್ಟುತ್ತಾ. ಭವ್ಯಳ ತಿಂಡಿಯ ತಟ್ಟೆ ಮುಚ್ಚಿದ ಹಾಗೇ ಇತ್ತು.

ಛತ್ರಕ್ಕೆ ಮೊದಲು ಹೋದವರನ್ನು "ನಿಮ್ದು ಊಟ ಆಯ್ತಾ?" ಅಂತ ನಾವು ಯಾವತ್ತು ಕೇಳಿದ್ದೇವೆ?